ಮನ್ಯಾಗ ಕೇಳಿ ಹೇಳ್ತೀನ್ರಿ

ಮಾನ್ವಿಯ ಬಸ್ ಸ್ಟ್ಯಾಂಡಿನ ಎದುರು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ತಾಯಣ್ಣನ ನಾಲಿಗೆಯ ತುದಿಯಲ್ಲಿ 'ಆತು' ಅನ್ನುವ ಮಾತು ಸದಾ ತಯಾರಾಗಿ ಕೂತಿರುತ್ತಿತ್ತು. ಎದುರಿನವರು ಮಾತು ಮುಗಿಸುವ ತನಕ ಅದಕ್ಕೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. 'ತಾಯಣ್ಣ, ನಾಳೆ ಒಂದೀಟು' ಅನ್ನುವಷ್ಟರಲ್ಲಿ 'ಆತು' ಹೊರಗೆ ಬಂದು ಬಿಡುತ್ತಿತ್ತು. ನಾಳೆ ಏನು, ಎಲ್ಲಿ, ಯಾಕೆ ಅನ್ನುವುದೆಲ್ಲ ಆಮೇಲಿನ ವಿಚಾರ. ಹೀಗೇ ಒಪ್ಪಿಕೊಂಡು ಒಂದು ಸಲ ಯಾರದೋ ಹೋರಿ ಹಿಡಿಯಲು ಹೋಗಿ ಒದೆಸಿಕೊಂಡ. ಇನ್ನೊಂದು ಸಲ ಬಯಲಾಟದಲ್ಲಿ ರಾಕ್ಷಸನ ಪಾತ್ರಕ್ಕೆ ಆತು ಅಂದು, ಆಟದ ದಿನ ಅದನ್ನು ಪೂರಾ ಮರೆತು ಗಿಲ್ಲೆಸುಗೂರಿನ ಗೆಳೆಯನ ಮನೆಯಲ್ಲಿ ಹರಟೆ ಹೊಡೆಯುತ್ತ ಕೂತ. ಪಾಪ, ರಾಜಕುಮಾರನ ಪಾತ್ರದವನು ಇಲ್ಲದ ರಾಕ್ಷಸನನ್ನು ಗಾಳಿಯಲ್ಲೇ ಕಡಿದು ಕಡಿದು ಸುಸ್ತಾಗಿ ವೇಷ ಬಿಚ್ಚಿದ.

ಜನರನ್ನು ನಂಬುವುದರಲ್ಲೂ ಅವನದು ಇದೇ ಅವಸರ. ರಾಯಚೂರಿನ ರೈಲ್ವೆ ಸ್ಟೇಷನ್ ಎದುರು ಗುರುತು ಪರಿಚಯವಿಲ್ಲದವನೊಬ್ಬ ಹೋಗಿ ಬರ್ತೀನಿ ಅಂತ ಸೈಕಲ್ ಕೇಳಿದ, ಇವನು ಕೊಟ್ಟ. ಹೆಸರು ಸಹ ಕೇಳಲಿಲ್ಲ. ಯಾಕೋ ಅಂದರೆ, ಆ ಮನುಷ್ಯನ ಮುಖ ಸೈಕಲ್ ತಿರುಗಿ ತಂದುಕೊಡುವವನ ಮುಖದ ಹಾಗೆ ಇತ್ತು ಅಂದ. ಸಂಜೆಗೆ ಆ ಪುಣ್ಯಾತ್ಮ ಸೈಕಲ್ ತಂದುಕೊಟ್ಟ, ಅದೂ ಹೊಸ ಗಂಟೆ ಹಾಕಿಸಿ. ಕದ್ದುಕೊಂಡು ಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು, ತಾಯಣ್ಣನಿಗೆ ಸ್ವಲ್ಪ ಬುದ್ಧಿಯಾದರೂ ಬರುತ್ತಿತ್ತು. ಆ ಗಂಟೆಯೊಂದು ಅವನನ್ನು ಪೂರ್ತಿ ಕೆಡಿಸಿತು. ಯಾರು ಬುದ್ಧಿ ಹೇಳಲು ಬಂದರೂ ಅವನು ಸುಮ್ಮನೆ ಸೈಕಲ್ ಗಂಟೆ ಬಾರಿಸಿ ತೋರಿಸುತ್ತಿದ್ದ.

ಕೆಲಸದಲ್ಲಿ ದಡ್ಡನೇನಲ್ಲ. ರಾಯಚೂರಿನ ತೀನ್ ಕಂದೀಲ್ ಹತ್ತಿರ ಅಂಗಡಿ ಇದ್ದ ಉಸ್ತಾದ್ ಸೈಫುದ್ದೀನರ ಕೈಯಲ್ಲಿ ಪಳಗಿದವನು. ಇವನ ತಲೆಯಲ್ಲಿ ಎಲ್ಲ ಸ್ಟೇಷನ್ನೂ ಹಿಡಿಯುತ್ತವೆ, ಮುಳ್ಳು ಮಾತ್ರ ಯಾವುದರ ಮೇಲೂ ನಿಲ್ಲುವುದಿಲ್ಲ ಎಂದು ಉಸ್ತಾದರು ನಗುತ್ತಿದ್ದರು. ಹಾಗೆಂದು ನಿಲ್ಲುವುದೇ ಇಲ್ಲ ಅಂತಲ್ಲ. ನಿಂತಿತೋ, ಊಟವಿಲ್ಲ, ನೀರಿಲ್ಲ, ಪಕ್ಕದ ಅಂಗಡಿಗೆ ಬೆಂಕಿ ಬಿದ್ದರೂ ತಲೆ ಎತ್ತುತ್ತಿರಲಿಲ್ಲ. ಮಾನ್ವಿ ತಾಲೂಕಿನಲ್ಲಿ ಯಾರ ಕೈಗೂ ಬಗ್ಗದ ರೇಡಿಯೋಗಳು ಅವನ ಕೈಯಲ್ಲಿ ಹಾಡುತ್ತಿದ್ದವು. ಮಿಕ್ಕವು ಹೊಟ್ಟೆ ಬಿಚ್ಚಿಕೊಂಡು ಕಪಾಟಿನ ಮೇಲೆ ಸಾಲಾಗಿ ಕೂತು ತಮ್ಮ ಪಾಳಿ ಕಾಯುತ್ತಿದ್ದವು.

ಹೆಂಡತಿ ದುರುಗಮ್ಮ ಮದುವೆಯಾದ ಹೊಸತರಲ್ಲಿ ಅತ್ತಳು, ಆಮೇಲೆ ಬೈದಳು, ಆಮೇಲೆ ಕೂತು ಯೋಚನೆ ಮಾಡಿದಳು. ಗಂಡ ಸೋಮಾರಿಯಲ್ಲ, ಸುಳ್ಳನೂ ಅಲ್ಲ, ಬ್ರೇಕ್ ಇಲ್ಲದ ಮನುಷ್ಯ ಅಷ್ಟೇ ಎಂಬುದು ಅವಳಿಗೆ ತಿಳಿಯಿತು. ಬ್ರೇಕ್ ಹೊರಗಿನಿಂದ ಹಾಕಿಸಬೇಕು. ಅದಕ್ಕೆ ಒಂದು ಮಾತು ಕಲಿಸಿದಳು: ಯಾರು ಏನೇ ಕೇಳಲಿ, 'ಮನ್ಯಾಗ ಕೇಳಿ ಹೇಳ್ತೀನ್ರಿ' ಅನ್ನು.

ಈ ಮಾತು ನಮ್ಮ ಕಡೆಯ ಗಂಡಸರಿಗೆಲ್ಲ ಬಾಯಿಪಾಠ. ಆದರೆ ಅದರ ಅರ್ಥ ಬೇರೆ. ಹೊಲ ಕೊಡುತ್ತೀರಾ ಅಂದರೆ ಮನ್ಯಾಗ ಕೇಳಿ ಹೇಳ್ತೀನ್ರಿ, ಎತ್ತು ಕೊಡುತ್ತೀರಾ ಅಂದರೆ ಮನ್ಯಾಗ ಕೇಳಿ ಹೇಳ್ತೀನ್ರಿ. ಅಂದವರಾರೂ ಮನೆಯಲ್ಲಿ ಕೇಳುವುದಿಲ್ಲ, ಕೇಳಿಸಿಕೊಂಡವರೂ ಉತ್ತರಕ್ಕೆ ಕಾಯುವುದಿಲ್ಲ. ಮುಖ ಮುರಿಯದೆ ಒಲ್ಲೆ ಅನ್ನಲು ಹಿರಿಯರು ಮಾಡಿಟ್ಟ ದಾರಿ ಅದು. ಮನೆಯ ಹೆಂಗಸರಿಗೆ ತಮ್ಮ ಹೆಸರು ಹೀಗೆ ದಿನವೂ ಓಡಾಡುವುದು ಗೊತ್ತೇ ಇಲ್ಲ. ಆದರೆ ತಾಯಣ್ಣನಿಗೆ ಈ ಮಾತಿನ ಒಳಗುಟ್ಟು ಯಾರೂ ಹೇಳಿಕೊಟ್ಟಿರಲಿಲ್ಲ. ಮನೆಯಲ್ಲಿ ಕೇಳುವುದು ಅಂದರೆ ಮನೆಯಲ್ಲಿ ಕೇಳುವುದು ಅಂತಲೇ ಅವನು ತಿಳಿದಿದ್ದ. ಏನು ಪ್ರಯೋಜನ, ಹೇಳುವ ಹೊತ್ತಿಗೆ ಮಾತೇ ಮರೆತು ಹೋಗುತ್ತಿತ್ತು, ಅದರ ಜಾಗದಲ್ಲಿ 'ಆತು' ಬಂದು ಕೂಡುತ್ತಿತ್ತು.

ಈಗ ಪಾರ್ವತೆಮ್ಮನ ವಿಷಯ. ತಾಯಣ್ಣನ ಒಬ್ಬಳೇ ತಂಗಿ. ಅಪ್ಪ ಕಲ್ಲು ಒಡೆದು, ಅವ್ವ ಬುಟ್ಟಿ ಹೊತ್ತು ಸತ್ತ ಮೇಲೆ ಅಣ್ಣ ಅತ್ತಿಗೆ ಅವಳನ್ನು ಓದಿಸಿದರು. ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ಅವಳಿಗೆ ಬಾಗಲವಾಡದ ಸಾಲಿಯಲ್ಲಿ ಮಕ್ಕಳಿಗೆ ಕಲಿಸುವ ಮಾಸ್ತರಕಿ ಸಿಕ್ಕಿತು. ಅವರ ಓಣಿಯಲ್ಲಿ ಕೈಗೆ ಗಡಿಯಾರ ಕಟ್ಟಿಕೊಂಡು ಬಸ್ಸು ಹತ್ತಿದ ಮೊದಲ ಹೆಣ್ಣು ಅವಳೇ. ಅವಳು ಬಸ್ಸಿಗೆ ಹೊರಟರೆ ಓಣಿಯ ಮುದುಕಿಯರು ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದರು.

ಕೆಲಸಕ್ಕೆ ಸೇರಿದ ದಿನವೇ ಅವಳು ಅಣ್ಣನನ್ನು ಕೂರಿಸಿಕೊಂಡು, ನನ್ನ ಮದುವೆ ಮಾತು ಯಾರಾದರೂ ತೆಗೆದರೆ ನನ್ನನ್ನು ಕೇಳದೆ ಆತು ಅನ್ನಬೇಡ ಎಂದು ಹೇಳತೊಡಗಿದಳು. 'ನನ್ನನ್ನು ಕೇಳದೆ' ಅನ್ನುವಷ್ಟರಲ್ಲೇ ತಾಯಣ್ಣ ಆತು ಅಂದುಬಿಟ್ಟಿದ್ದ. ದುರುಗಮ್ಮ ಅಡುಗೆ ಮನೆಯಿಂದಲೇ ಹಣೆ ಚಚ್ಚಿಕೊಂಡಳು.

ಆ ದೀಪಾವಳಿಯ ಮುಂದೆ ದೇವದುರ್ಗದ ಪಕೀರಪ್ಪ ಅಂಗಡಿಗೆ ಬಂದ. ಅಲ್ಲಿಯ ಹಮಾಲರಿಗೆಲ್ಲ ಹಿರಿಯ, ನಿಧಾನ ಮಾತಿನ ಮನುಷ್ಯ, ತಾಯಣ್ಣನವರ ಜನವೇ. ಬಗಲಲ್ಲಿ ಕೂಸಿನ ಹಾಗೆ ಒಂದು ದೊಡ್ಡ ವಾಲ್ವ್ ರೇಡಿಯೋ. ಅವತ್ತು ಮುಳ್ಳು ಅದರ ಮೇಲೆ ನಿಂತಿತು ನೋಡಿ, ತಾಯಣ್ಣ ಕೂತ ಕೂತಲ್ಲೇ ಅದನ್ನು ಹಾಡಿಸಿ ಕೊಟ್ಟ. ಅಷ್ಟರಲ್ಲಿ ಬಾಗಲವಾಡದ ಬಸ್ಸಿನಿಂದ ಇಳಿದ ಪಾರ್ವತೆಮ್ಮ ಅಣ್ಣನಿಂದ ಮನೆಯ ಕೀಲಿಕೈ ಇಸಿದುಕೊಂಡು ಹೋದಳು. ಪಕೀರಪ್ಪ ರೇಡಿಯೋ ಕೇಳುತ್ತ ಅವಳನ್ನು ನೋಡಿದ. ತಾಯಣ್ಣನ 'ಆತು' ವಿಚಾರ ಅವನಿಗೆ ದೇವದುರ್ಗದಲ್ಲೇ ತಿಳಿದಿತ್ತು ಎಂದು ನನ್ನ ಗುಮಾನಿ. ಮನೆಯ ಮೇಲೆ ಏರಿಯಲ್ ತಂತಿ ಕಟ್ಟಿಕೊಡಲು ಬರುತ್ತೀಯಾ ಎಂದು ಕೇಳಿದ. ಉತ್ತರ ನಿಮಗೇ ಗೊತ್ತು.

ದೇವದುರ್ಗದ ಆ ಮನೆಯ ಪಡಸಾಲೆಯಲ್ಲಿ ಏರಿಯಲ್ ಕಟ್ಟಲು ಬೇಕಾದುದಕ್ಕಿಂತ ಹೆಚ್ಚು ಹಿರಿಯರು ಕೂತಿದ್ದರು. ತಾಯಣ್ಣನಿಗೆ ಅದು ಕಾಣಲಿಲ್ಲ, ಅವನಿಗೆ ಕಂಡದ್ದು ರೇಡಿಯೋ. ತಂತಿ ಕಟ್ಟಿ ಇಳಿದವನು ದನಿ ಇನ್ನಷ್ಟು ತಿಳಿ ಮಾಡೋಣವೆಂದು ಅದರ ಸ್ಟೇಷನ್ ತಿರುಗಿಸುವ ಗುಂಡಿ ಬಿಚ್ಚಿ ಜೇಬಿಗೆ ಹಾಕಿಕೊಂಡು, ಬೆರಳಲ್ಲೇ ಕಡ್ಡಿ ತಿರುಗಿಸುತ್ತ ಕಿವಿ ಹಚ್ಚಿ ಕೂತ. ಹಿಂದೆ ಪಕೀರಪ್ಪ ನಿಧಾನವಾಗಿ ಮಾತಾಡುತ್ತಿದ್ದ. ತನ್ನ ಮಗ ಅಯ್ಯಪ್ಪ ಲಾರಿ ಓಡಿಸುತ್ತಾನೆ, ಕುಡಿಯುವುದಿಲ್ಲ ಅಂದ. ತಾಯಣ್ಣ ಹೂಂ ಅಂದ. ನಿಮ್ಮ ತಂಗಿಯಂಥ ಹುಡುಗಿ ಮನೆಗೆ ಬಂದರೆ ನಮ್ಮ ಪುಣ್ಯ ಅಂದ ಪಕೀರಪ್ಪ. ಅಷ್ಟರಲ್ಲಿ ಹೈದರಾಬಾದ್ ಸ್ಟೇಷನ್ ಗಾಜಿನಂತೆ ತಿಳಿಯಾಗಿ ಹಿಡಿಯಿತು. ತಾಯಣ್ಣನ ಮುಖ ಅರಳಿ, ಆಹಾ ಆತು, ಅಂದ. ಅದೇ ಹೊತ್ತಿಗೆ ಯಾರೋ ಮುಂದೆ ತಟ್ಟೆ ಹಿಡಿದರು. ಅವನ ಕೈ ತಾನಾಗಿ ಹೋಗಿ ಒಂದು ಚಿಟಿಕೆ ಎತ್ತಿ ಬಾಯಿಗೆ ಹಾಕಿತು.

ಸಕ್ಕರೆ.

ನಮ್ಮ ಕಡೆ ಮದುವೆ ಮಾತಿನಲ್ಲಿ ಮುಂದೆ ಇಡುವ ಸಕ್ಕರೆ ಬಾಯಿ ಚಪಲಕ್ಕಲ್ಲ. ಹೆಣ್ಣಿನ ಕಡೆಯ ಹಿರಿಯ ಒಂದು ಚಿಟಿಕೆ ತಿಂದರೆ ಮಾತು ಕೊಟ್ಟ ಹಾಗೆ. ಹಿರಿಯರೆಲ್ಲ 'ಬಾಯಿ ಸಿಹಿ ಆತು' ಎಂದು ಒಟ್ಟಿಗೆ ಅಂದಾಗ ತಾಯಣ್ಣ ತಿರುಗಿ ನೋಡಿದ. ತಟ್ಟೆ ಕಂಡಿತು, ಹಿರಿಯರು ಕಂಡರು, ಬಾಗಿಲ ಸಂದಿಯಲ್ಲಿ ನಗುವ ಹೆಂಗಸರು ಕಂಡರು. ಉಗುಳುವ ಹಾಗಿಲ್ಲ, ಅದಕ್ಕಿಂತ ಅಪಶಕುನ ಇನ್ನೊಂದಿಲ್ಲ. ನುಂಗಲು ಗಂಟಲು ಒಪ್ಪಲಿಲ್ಲ. ಕರಗುವ ತನಕ ಹಾಗೇ ಬಾಯಿ ಮುಚ್ಚಿಕೊಂಡು ಕೂತ. ಜೀವನದಲ್ಲಿ ಅವನು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು.

ಆಗ ಪಕೀರಪ್ಪ ಇನ್ನೊಂದು ಮಾತು ಹೇಳಿದ. ತನ್ನ ಅವ್ವ ಬುಟ್ಟಿ ಹೊತ್ತು ಸತ್ತಳು, ಹೆಂಡತಿ ಬಿಸಿಲಲ್ಲಿ ಕಳೆ ತೆಗೆದು ಕರಕಲಾದಳು. ಸೊಸೆಯನ್ನು ಮಾತ್ರ ಹೊರಗೆ ದುಡಿಯಲು ಕಳಿಸುವುದಿಲ್ಲ. ಅವಳು ನೆರಳಲ್ಲಿ ಕೂಡಬೇಕು. ಮಾಸ್ತರಕಿ ಬಿಡಿಸಿಬಿಡೋಣ. ಇದನ್ನು ಅವನು ಪ್ರೀತಿಯಿಂದಲೇ ಹೇಳಿದ, ಅದೇ ಕಷ್ಟವಾಗಿದ್ದು.

ಬಸ್ಸು ಸಿರವಾರ ದಾಟುವ ತನಕ ತಾಯಣ್ಣ ಜೇಬಿನೊಳಗೆ ಏನನ್ನೋ ತಿರುಗಿಸುತ್ತಲೇ ಇದ್ದ. ತೆಗೆದು ನೋಡಿದರೆ ಪಕೀರಪ್ಪನ ರೇಡಿಯೋ ಗುಂಡಿ. ಅಲ್ಲಿ ರೇಡಿಯೋ ಬೋಳಾಗಿ ಕೂತಿದೆ, ಇಲ್ಲಿ ತಂಗಿಯ ಬಾಳು ಸಕ್ಕರೆಯಲ್ಲಿ ಕರಗಿ ಹೋಗಿದೆ. ಅವನಿಗೆ ಬಸ್ಸಿನಲ್ಲೇ ಕಣ್ಣು ತುಂಬಿ ಬಂತು.

ಗುಟ್ಟು ಇಟ್ಟುಕೊಳ್ಳುವ ಶಕ್ತಿ ಅವನಿಗೆಲ್ಲಿಂದ ಬರಬೇಕು, ಹೊಸ್ತಿಲಲ್ಲೇ ಎಲ್ಲ ಒದರಿದ. ದುರುಗಮ್ಮ ಬೈದ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ. ಪಾರ್ವತೆಮ್ಮ ಬೈಯಲಿಲ್ಲ. ಸಾಲಿಯಿಂದ ತಂದ ಚೀಲವನ್ನು ಗೂಟಕ್ಕೆ ಹಾಕಿ, ಅಣ್ಣನ ಎದುರು ಬಂದು ಕೂತಳು.

'ದಾರ್ಯಾಗ ಹೋಗೋರನ್ನೆಲ್ಲ ನಂಬ್ತಿಯಲ್ಲಣ್ಣ' ಅಂದಳು. 'ನನ್ನ ಒಂದು ಮಾತು ಕೇಳೂವಷ್ಟು ನಂಬಿಕಿ ನನ್ನ ಮ್ಯಾಲ ಇದ್ದಿಲ್ಲೇನು?'

ತಾಯಣ್ಣನಿಗೆ ಹೋರಿ ಒದ್ದಾಗ ಸಹ ಅಷ್ಟು ನೋವಾಗಿರಲಿಲ್ಲ.

ಮಾತು ಮುರಿಯುವುದು ಸುಲಭವಲ್ಲ. ಸಕ್ಕರೆ ತಿಂದ ಮೇಲೆ ಹೆಣ್ಣಿನವರು ಒಲ್ಲೆ ಅಂದರೆ ಹಿರಿಯರು ಸೇರುತ್ತಾರೆ, ಆ ಮನೆಯ ಮಾತಿಗೆ ಬೆಲೆಯಿಲ್ಲ ಅನ್ನುತ್ತಾರೆ, ಆಮೇಲೆ ಓಣಿಯ ಬೇರೆ ಹುಡುಗಿಯರನ್ನು ಕೇಳಲು ಬರುವವರೂ ಹಿಂದೆ ಮುಂದೆ ನೋಡುತ್ತಾರೆ. ಗಂಡಿನವರೇ ಬೇಡ ಅಂದು ಎದ್ದರೆ ಯಾರಿಗೂ ಏನೂ ಇಲ್ಲ. ಮುಂದಿನ ಭಾನುವಾರ ಪಕೀರಪ್ಪ ದಿನ ಗೊತ್ತು ಮಾಡಲು ಬರುವವನಿದ್ದ. ದುರುಗಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು. ಪಾರ್ವತೆಮ್ಮ ಮಾತ್ರ ಸ್ವಲ್ಪ ಹೊತ್ತು ಅಣ್ಣನನ್ನೇ ನೋಡಿ, ಒಮ್ಮೆಗೆ ಸೆರಗು ಬಾಯಿಗೆ ಹಿಡಿದು ನಗತೊಡಗಿದಳು. ಅತ್ತಿಗೆ ಇಷ್ಟು ವರ್ಷ ಕಲಿಸಿದ ಆ ಮಾತು ಎಲ್ಲಿ ಹೋಯಿತು ಎಂದು ಕೇಳಿದಳು. ಭಾನುವಾರ ಅವರು ಏನೇ ಕೇಳಲಿ, ಅಣ್ಣ ಅದೊಂದೇ ಮಾತು ಅನ್ನಬೇಕು. ಅಂದ ಮೇಲೆ ಒಳಗೆ ಬಂದು ಕೇಳಬೇಕು, ಹೋಗಿ ಹೇಳಬೇಕು. ಸುಳ್ಳಿಲ್ಲ, ಮೋಸವಿಲ್ಲ. ಇಷ್ಟು ದಿನ ಕೇಳದೆ ಬಿಟ್ಟದ್ದನ್ನೆಲ್ಲ ಒಂದೇ ದಿನ ಕೇಳಿ ತೀರಿಸುವುದು.

ತಾಯಣ್ಣ 'ಆತು' ಅಂದ. ಅತ್ತಿಗೆ ನಾದಿನಿ ಇಬ್ಬರೂ ಒಟ್ಟಿಗೆ ಅವನನ್ನು ದಿಟ್ಟಿಸಿದರು. ಅವನು ಬೆವರು ಒರೆಸಿಕೊಂಡು, ಮನ್ಯಾಗ ಕೇಳಿ ಹೇಳ್ತೀನ್ರಿ, ಅಂತ ತಿದ್ದಿಕೊಂಡ.

ಆ ವಾರ ಅವನಿಗೆ ಮನೆಯೇ ಸಾಲಿಯಾಯಿತು. ಪಾರ್ವತೆಮ್ಮ ಮಗ್ಗಿ ಹೇಳಿಸುವ ಹಾಗೆ ಬೆಳಿಗ್ಗೆ ಸಂಜೆ ಹೇಳಿಸಿದಳು. ಅವಳು ಎಷ್ಟು ಚೆನ್ನಾಗಿ ಕಲಿಸುತ್ತಿದ್ದಳೆಂದರೆ, ಮಾತು ಅವನ ನಾಲಿಗೆಗೆ ಅಂಟಿಕೊಂಡಿತು. ನನ್ನ ರೇಡಿಯೋ ರಿಪೇರಿ ಆಯಿತೇ ಎಂದು ಕವಿತಾಳದಿಂದ ಬಂದವನಿಗೆ ಮನ್ಯಾಗ ಕೇಳಿ ಹೇಳ್ತೀನ್ರಿ ಅಂದ. ಇವನು ಎಷ್ಟು ಮರ್ಯಾದೆಯಿಂದ ಒಲ್ಲೆ ಅಂದನಪ್ಪಾ ಎಂದು ಆ ಮನುಷ್ಯ ರೇಡಿಯೋ ಎತ್ತಿಕೊಂಡು ಹೋದ. ಪಕ್ಕದ ಹೋಟೆಲಿನವನು ಚಹಾಕ್ಕೆ ಸಕ್ಕರೆ ಇನ್ನಷ್ಟು ಬೇಕೇ ಎಂದದ್ದಕ್ಕೂ ಅದೇ ಉತ್ತರ ಬಂತು. ಸಕ್ಕರೆಯ ಹೆಸರು ಎತ್ತಿದರೆ ಆಗ ಅವನಿಗೆ ಮೈ ಜುಮ್ಮೆನ್ನುತ್ತಿತ್ತು ಅನ್ನುವುದೂ ನಿಜ.

ಭಾನುವಾರ ಪಕೀರಪ್ಪ ಇಬ್ಬರು ಹಿರಿಯರೊಂದಿಗೆ ಬಂದ. ತಾಯಣ್ಣ ಒಗೆದ ಅಂಗಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದ, ಜೇಬಿನಲ್ಲಿ ಆ ಗುಂಡಿ ತಿರುಗಿಸುತ್ತ. ಎಲ್ಲಿ ಕೂಡೋಣ ಬೀಗರೇ ಎಂದು ಪಕೀರಪ್ಪ ನಗುತ್ತ ಕೇಳಿದ. ತಾಯಣ್ಣ ಕಲಿತದ್ದನ್ನು ಒಪ್ಪಿಸಿ ಒಳಗೆ ಹೋದ, ಹೊರಗೆ ಬಂದ, ಕಂಬಳಿ ಮೇಲೆ ಕೂಡಬೇಕಂತೆ ಅಂದ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು. ಮಳೆ ಬೆಳೆ ಹೇಗಿದೆ ಈ ಕಡೆ ಎಂದು ಒಬ್ಬ ಹಿರಿಯ ಕೇಳಿದ. ತಾಯಣ್ಣ ಅದಕ್ಕೂ ಮನೆಯಲ್ಲಿ ಕೇಳಲು ಎದ್ದ. ಈ ಸಲ ಜೋಳ ಚಲೋ ಅದ ಅಂತ್ರಿ, ಎಂದು ವರದಿ ತಂದ. ಗೋಡೆಯಾಚೆ ದುರುಗಮ್ಮ ಸೆರಗು ಬಾಯಿಗೆ ತುರುಕಿಕೊಂಡು ನೆಲದ ಮೇಲೆ ಕೂತುಬಿಟ್ಟಿದ್ದಳು.

ಪಕೀರಪ್ಪನ ಮುಖ ಬಿಗಿಯತೊಡಗಿತು. ಆ ಮಾತಿನ ಅರ್ಥ ಅವನಿಗೆ ಗೊತ್ತು, ಜೀವಮಾನವಿಡೀ ಅವನೂ ಅದನ್ನೇ ಆಡಿದವನು. ಆದರೆ ಈ ಮನುಷ್ಯ ಒಲ್ಲೆ ಅನ್ನುತ್ತಿದ್ದಾನೋ ನಿಜಕ್ಕೂ ಕೇಳಿ ಬರುತ್ತಿದ್ದಾನೋ ತಿಳಿಯದೆ ಒದ್ದಾಡಿದ. ದಿನ ಯಾವಾಗ ಇಡೋಣ ಎಂದ. ತಾಯಣ್ಣ ಹೋಗಿ ಬಂದು, ವಿಚಾರ ಮಾಡಾಕತ್ತಾರಂತ್ರಿ ಇನ್ನೂ, ಅಂದ. ಹುಡುಗಿ ಮಾಸ್ತರಕಿ ಯಾವಾಗ ಬಿಡುತ್ತಾಳೆ ಎಂದ. ತಾಯಣ್ಣ ಹೋಗಿ ಬಂದು, ಬಿಡಂಗಿಲ್ಲ ಅಂದ್ಲ್ರಿ, ಅಂದ. ಆಗ ಹಿರಿಯರಲ್ಲಿ ಒಬ್ಬ ತಡೆಯಲಾರದೆ, ಈ ಮನೆಗೆ ಯಜಮಾನ ಯಾರಪ್ಪಾ ಎಂದು ಕೇಳಿದ.

'ಮನ್ಯಾಗ ಕೇಳಿ ಹೇಳ್ತೀನ್ರಿ' ಎಂದು ತಾಯಣ್ಣ ಎದ್ದು ಹೋದ.

ಅವನು ತಿರುಗಿ ಬರುವಷ್ಟರಲ್ಲಿ ಹಿರಿಯರಿಬ್ಬರೂ ಚಪ್ಪಲಿ ಮೆಟ್ಟಿದ್ದರು. ಆಟ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಪಕೀರಪ್ಪ ಹಮಾಲರನ್ನು ಆಳಿದವನು, ಭಾರವನ್ನು ಯಾವ ಕಡೆಯಿಂದ ಎತ್ತಬೇಕು ಅನ್ನುವುದು ಅವನಿಗೆ ಗೊತ್ತು. ಸಿಟ್ಟು ಮಾಡಲಿಲ್ಲ. ಬಾಗಿಲಲ್ಲಿ ನಿಂತು ತಾಯಣ್ಣನ ಹೆಗಲ ಮೇಲೆ ಕೈ ಇಟ್ಟ.

'ತಾಯಣ್ಣ, ನೀ ಒಳ್ಳೇ ಮನುಷ್ಯ. ಹೆಣ್ಣುಮಕ್ಕಳ ಮಾತು ಒತ್ತಟ್ಟಿಗಿರಲಿ' ಅಂದ ಮೆಲ್ಲಗೆ. 'ನನ್ನ ಮ್ಯಾಲ ನಿನಗ ನಂಬಿಕಿ ಅದನೋ ಇಲ್ಲೋ? ಇದ್ರ ಆತು ಅನ್ನು, ಸಾಕು.'

ಒಳಗೆ ಪಾರ್ವತೆಮ್ಮನ ನಗು ನಿಂತುಹೋಯಿತು. ಅವಳು ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅಣ್ಣ ಬೈಗುಳ ತಡೆದಾನು, ಪ್ರೀತಿಯಿಂದ ಹೆಗಲ ಮೇಲೆ ಇಟ್ಟ ಕೈಯನ್ನು ತಡೆಯಲಾರ.

ತಾಯಣ್ಣನಿಗೆ ನಂಬಿಕೆ ಇತ್ತು, ಅದೇ ತೊಂದರೆ. ಪಕೀರಪ್ಪನ ಮುಖ ಸೈಕಲ್ ತಿರುಗಿ ತಂದುಕೊಡುವವನ ಮುಖವೇ. 'ಆತು' ಎದೆಯಿಂದ ಗಂಟಲಿಗೆ, ಗಂಟಲಿಂದ ನಾಲಿಗೆಗೆ ಬಂತು. ಅವನ ಬೆರಳು ಜೇಬಿನಲ್ಲಿ ಗುಂಡಿ ತಿರುಗಿಸುವುದನ್ನು ನಿಲ್ಲಿಸಿತು. ಬಾಯಲ್ಲಿ ದೇವದುರ್ಗದ ಸಕ್ಕರೆ ಇನ್ನೂ ಕರಗದೆ ಉಳಿದ ಹಾಗೆ ಅವನು ತುಟಿ ಬಿಗಿಹಿಡಿದು ನಿಂತ.

'ನಿಮ್ಮ ಮ್ಯಾಲ ನಂಬಿಕಿ ಅದರಿ' ಅಂದ ಕೊನೆಗೆ. 'ನನ್ನ ಆತು ಮ್ಯಾಲ ನನಗ ನಂಬಿಕಿ ಇಲ್ರಿ. ಪಾರವ್ವಾ, ಹೊರಗ ಬಾ. ನಿಂದು ನೀನ ಹೇಳು.'

ಇದು ಪಾಠದಲ್ಲಿ ಇರಲಿಲ್ಲ. ಪಾರ್ವತೆಮ್ಮ ಒಂದು ಗಳಿಗೆ ಬಾಗಿಲ ಮರೆಯಲ್ಲೇ ನಿಂತಳು. ಆಮೇಲೆ ಸೆರಗು ಸರಿಮಾಡಿಕೊಂಡು ಹೊರಗೆ ಬಂದು, ಪಕೀರಪ್ಪನ ಕಾಲಿಗೆ ನಮಸ್ಕಾರ ಮಾಡಿ ಎದ್ದು ನಿಂತಳು.

'ಯಪ್ಪಾ, ಸೊಸಿ ನೆರಳಾಗ ಕೂಡ್ಲಿ ಅಂದ್ರಂತ. ನಮ್ಮ ಸಾಲಿಗೂ ತಲಿ ಮ್ಯಾಲ ಮಾಳಿಗಿ ಅದರಿ. ನಾ ನೆರಳಾಗ ನಿಂತೇ ದುಡಿಯಾಕತ್ತೀನಿ. ಅದನ್ನ ಬಿಟ್ಟು ಬರಂಗಿಲ್ರಿ.'

ಪಕೀರಪ್ಪನ ಮನಸ್ಸಿನಲ್ಲಿ ಏನಾಯಿತೋ ನನಗೆ ತಿಳಿಯದು. ಬುಟ್ಟಿ ಹೊತ್ತ ಅವ್ವ ನೆನಪಾಗಿರಬಹುದು. ಹಿರಿಯರ ಕಡೆ ತಿರುಗಿ, ಮಾತು ನಮ್ಮ ಕಡೆಯಿಂದಲೇ ಮುರಿದಿದೆ, ಇವರದೇನೂ ತಪ್ಪಿಲ್ಲ, ನಾಳೆ ಯಾರಾದರೂ ಕೇಳಿದರೆ ಹೀಗೇ ಹೇಳಿ ಎಂದ. ಹಾಗನ್ನಲು ಅವನಿಗೆ ಯಾರ ಬಲವಂತವೂ ಇರಲಿಲ್ಲ. ತಾಯಣ್ಣ ಅವನ ಮುಖ ಓದಿದ್ದು ತಪ್ಪಾಗಿರಲಿಲ್ಲ ಅನ್ನಬೇಕು, ಆದರೆ ಇದನ್ನು ದುರುಗಮ್ಮನ ಎದುರು ಅನ್ನಬಾರದು. ಮೊದಲೇ ಸೈಕಲ್ ಗಂಟೆಯ ಕಾಟ ಸಾಕಾಗಿದೆ ಅವಳಿಗೆ.

ಮೆಟ್ಟಿಲು ಇಳಿದ ಪಕೀರಪ್ಪ ತಿರುಗಿ ನಿಂತು ಕೈ ಚಾಚಿದ. ತನ್ನ ರೇಡಿಯೋದ ಗುಂಡಿ ಕೊಟ್ಟರೆ ಉಪಕಾರವಾಗುತ್ತದೆ, ಮನೆಯಲ್ಲಿ ವಾರದಿಂದ ಹಾಡಿಲ್ಲ ಅಂದ. ತಾಯಣ್ಣ ನಾಚಿ ಜೇಬಿನಿಂದ ತೆಗೆದು ಕೊಟ್ಟ. ತಿರುಗಿಸಿ ತಿರುಗಿಸಿ ಅದರ ಗೀರುಗಳೆಲ್ಲ ಸವೆದು ನುಣ್ಣಗಾಗಿದ್ದವು.

ಆಮೇಲೆ ಮಾನ್ವಿಯಲ್ಲಿ ಒಂದು ತಮಾಷೆ ಹುಟ್ಟಿಕೊಂಡಿತು. ಯಾರಾದರೂ ಮನ್ಯಾಗ ಕೇಳಿ ಹೇಳ್ತೀನ್ರಿ ಅಂದರೆ, ಊರವರ ಹಂಗೋ ತಾಯಣ್ಣನ ಹಂಗೋ ಎಂದು ಎದುರಿನವರು ಕೇಳತೊಡಗಿದರು. ಕೆಲವು ಮನೆಯ ಹೆಂಗಸರಿಗೆ ತಮ್ಮನ್ನು ಇಷ್ಟೊಂದು ಸಲ ಕೇಳಲಾಗಿದೆ ಎಂಬ ಸುದ್ದಿ ಆಗಲೇ ಮುಟ್ಟಿದ್ದು. ಗಂಡಸರು ಕೆಲವು ದಿನ ತಾಯಣ್ಣನ ಅಂಗಡಿ ಕಡೆ ಸಿಟ್ಟಿನಿಂದ ನೋಡಿಕೊಂಡು ಹೋದರು.

ಆದರೆ ಆ ಭಾನುವಾರ ಇನ್ನೂ ಮುಗಿದಿರಲಿಲ್ಲ. ಬೀಗರಾಗದ ಬೀಗರು ಓಣಿ ದಾಟಿದ ಮೇಲೆ ದುರುಗಮ್ಮ ನಕ್ಕು ನಕ್ಕು ಚಹಾಕ್ಕೆ ನೀರಿಟ್ಟಳು. ತಾಯಣ್ಣ ಕಂಬಳಿಯ ಮೇಲೆ ದಣಿದು ಕೂತಿದ್ದ. ಪಾರ್ವತೆಮ್ಮ ಡಬ್ಬಿಯಿಂದ ಒಂದು ಚಿಟಿಕೆ ಸಕ್ಕರೆ ತಂದು ಅಣ್ಣನ ಅಂಗೈಯಲ್ಲಿ ಹಾಕಿದಳು. ಕೈಗೆ ಬಂದದ್ದನ್ನು ನೋಡದೆ ಬಾಯಿಗೆ ಹಾಕುವ ಮನುಷ್ಯ ಅಂಗೈಯನ್ನೇ ನೋಡುತ್ತ ಕೂತ. ಆಮೇಲೆ ತಲೆ ಎತ್ತಿ ತಂಗಿಯ ಮುಖ ನೋಡಿದ.

'ತಿನ್ಲೇನವ್ವ?' ಎಂದು ಕೇಳಿದ.

ಪಾರ್ವತೆಮ್ಮನಿಗೆ ಕಣ್ಣೀರು ಬಂತು. 'ಆತು' ಅಂದಳು.